ಕಾರ್ಡಿನ ಮೇಲೆ ‘5ಜಿ ಸ್ಟಾಂಡರ್ಡ್ಸ್ ಎಕ್ಸ್‌ಪರ್ಟ್’ ಅಂತ ಇದ್ದರೆ ಏನು ಕೇಳಬೇಕು?

ಪ್ರಶ್ನೆ: ನಮ್ಮದು ಶಿರಸಿಯಿಂದ ಯಾಣದ ಕಡೆ ಹೋಗುವ ದಾರಿಯಲ್ಲಿ ಒಳಗೆ ಬರುವ ಹಳ್ಳಿ. ಮೂವತ್ತು ಮನೆ, ಎಲ್ಲರೂ ಅಡಿಕೆ ತೋಟದವರು. ಮೊಬೈಲ್ ಸಿಗ್ನಲ್ ಇಲ್ಲ ಅನ್ನುವಷ್ಟು ಕಡಿಮೆ. ಹೋದ ತಿಂಗಳು ಒಬ್ಬರು ಬಂದು ‘ಟೆಲಿಕಾಂ ಕನ್ಸಲ್ಟಂಟ್, 5ಜಿ ಸ್ಟಾಂಡರ್ಡ್ಸ್ ಎಕ್ಸ್‌ಪರ್ಟ್’ ಎಂದಿರುವ ಕಾರ್ಡು ಕೊಟ್ಟರು. ಊರಿಗೆ ಒಂದು ವರದಿ ಮಾಡಿಕೊಡುತ್ತೇನೆ, ವರದಿ ಇದ್ದರೆ ಟವರ್ ಬರುತ್ತದೆ, ಮನೆಗೆ ಇಷ್ಟು ಅಂತ ಹಾಕಿ ಎಂದರು. ಇಂಥವರ ಹಿನ್ನೆಲೆಯನ್ನು ನಮ್ಮಂಥವರು ಹೇಗೆ ತಿಳಿಯಬೇಕು? ಇನ್ನೊಂದು ವಿಷಯ. ನನ್ನ ಮಗಳು ಇ ಅಂಡ್ ಸಿ ಕೊನೆಯ ವರ್ಷದಲ್ಲಿದ್ದಾಳೆ. ನಿಜವಾದ ಎಕ್ಸ್‌ಪರ್ಟ್‌ಗಳು ಏನು ಓದಿ, ಎಲ್ಲಿ ದುಡಿದು ಆ ಜಾಗಕ್ಕೆ ಬಂದವರು? ಅವಳಿಗೂ ಆ ದಾರಿ ಇದೆಯೇ?

ಉತ್ತರ: ಮೊದಲಿಗೆ, ದುಡ್ಡು ಕೊಡಬೇಡಿ. ಈಗಾಗಲೇ ಸ್ವಲ್ಪ ಕೊಟ್ಟಿದ್ದರೆ ಅಲ್ಲಿಗೇ ನಿಲ್ಲಿಸಿ. ಖಾಸಗಿ ವ್ಯಕ್ತಿಯೊಬ್ಬರ ವರದಿ ನೋಡಿ ಯಾವ ಮೊಬೈಲ್ ಕಂಪನಿಯೂ ಟವರ್ ಹಾಕುವುದಿಲ್ಲ. ಎಲ್ಲಿ ಹಾಕಬೇಕು ಎಂಬ ಲೆಕ್ಕ ಅವರದೇ ಪ್ಲಾನಿಂಗ್ ವಿಭಾಗದಲ್ಲಿ ಆಗುತ್ತದೆ, ಇಲ್ಲವೇ ಸರ್ಕಾರದ ಯೋಜನೆಯಲ್ಲಿ ಆಗುತ್ತದೆ. ಟವರ್ ಹಾಕಿಸಿಕೊಡುತ್ತೇವೆ ಅಂತ ಮುಂಗಡ ಕೇಳುವ ಮೋಸದ ಬಗ್ಗೆ ದೂರಸಂಪರ್ಕ ಇಲಾಖೆ ಮತ್ತು ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಎರಡೂ ಎಷ್ಟೋ ಸಲ ಎಚ್ಚರಿಕೆ ಕೊಟ್ಟಿವೆ. ನಿಮ್ಮಲ್ಲಿಗೆ ಬಂದವರು ಮೋಸಗಾರರೇ ಎಂದು ನಾನು ಹೇಳುತ್ತಿಲ್ಲ, ಅವರನ್ನು ನಾನು ನೋಡಿಲ್ಲ. ಆದರೆ ‘ವರದಿ ಇದ್ದರೆ ಟವರ್ ಬರುತ್ತದೆ’ ಅನ್ನುವುದು ಈ ಕೆಲಸ ಬಲ್ಲವರ ಬಾಯಲ್ಲಿ ಬರುವ ಮಾತಲ್ಲ.

ಈಗ ಹಿನ್ನೆಲೆಯ ವಿಷಯಕ್ಕೆ ಬರೋಣ. ಡಾಕ್ಟರಿಗೆ ಕೌನ್ಸಿಲ್‌ನ ನೋಂದಣಿ ನಂಬರ್ ಇರುತ್ತದೆ. ವಕೀಲರಿಗೆ ಸನ್ನದು ಇರುತ್ತದೆ. ಚಾರ್ಟರ್ಡ್ ಅಕೌಂಟೆಂಟ್‌ಗೆ ಸದಸ್ಯತ್ವದ ನಂಬರ್ ಇರುತ್ತದೆ. ಟೆಲಿಕಾಂ ಕನ್ಸಲ್ಟಂಟ್ ಅನ್ನುವವರಿಗೆ ಅಂಥದ್ದೇನೂ ಇಲ್ಲ. ‘ವೈರ್‌ಲೆಸ್ ಸ್ಟಾಂಡರ್ಡ್ಸ್ ಎಕ್ಸ್‌ಪರ್ಟ್’ ಎಂದು ಪದವಿ ಕೊಡುವ ಪರೀಕ್ಷೆಯೂ ಇಲ್ಲ. ಯಾರು ಬೇಕಾದರೂ ಕಾರ್ಡು ಮಾಡಿಸಿಕೊಳ್ಳಬಹುದು. ಹಾಗಾಗಿ ಕೇಳಬೇಕಾದದ್ದು ಒಂದೇ: ನಿಮ್ಮ ಕೈಯಿಂದ ಆದ ಕೆಲಸ ಯಾವುದು, ಅದನ್ನು ನಾನು ಎಲ್ಲಿ ನೋಡಬಹುದು? ಈ ಕ್ಷೇತ್ರದ ಒಳ್ಳೆಯ ಸಂಗತಿ ಏನೆಂದರೆ, ಕೆಲಸ ಮಾಡಿದವರ ಗುರುತು ಎಲ್ಲೋ ಒಂದು ಕಡೆ ಉಳಿದೇ ಇರುತ್ತದೆ, ಅದರಲ್ಲಿ ಜಾಸ್ತಿ ಪಾಲು ಯಾರು ಬೇಕಾದರೂ ತೆರೆದು ನೋಡಬಹುದಾದ ಜಾಗದಲ್ಲೇ ಇದೆ. ಅದಕ್ಕೆ ಮುಂದೆ ಬರುತ್ತೇನೆ. ಅದಕ್ಕೂ ಮೊದಲು ಈ ಎಕ್ಸ್‌ಪರ್ಟ್‌ಗಳಿಗೆ ಏನು ಗೊತ್ತಿರುತ್ತದೆ ಎಂದು ಹೇಳಬೇಕು, ಇಲ್ಲದಿದ್ದರೆ ಮಿಕ್ಕ ಮಾತು ಹಿಡಿತಕ್ಕೆ ಸಿಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ಕಾರವಾರದ ಬೈತ್‌ಕೋಲ್ ಬಂದರಿನಲ್ಲಿ ಒಬ್ಬ ತಾಂಡೇಲ, ಅಂದರೆ ಮೀನುಗಾರಿಕೆ ಬೋಟು ನಡೆಸುವವ, ನನ್ನನ್ನು ನಿಲ್ಲಿಸಿ ಕೇಳಿದ. ‘ಸಾಹೇಬ್ರೆ, ದಡದಿಂದ ದೂರ ಹೋದ ಮೇಲೆ ಫೋನಿನಲ್ಲಿ ಕಡ್ಡಿ ಕಾಣ್ತದೆ, ಕಾಲ್ ಮಾತ್ರ ಹೋಗೋದಿಲ್ಲ. ಕಡ್ಡಿ ಸುಳ್ಳಾ?’ ಕಡ್ಡಿ ಸುಳ್ಳಲ್ಲ. ಟವರಿನ ದನಿ ಫೋನಿಗೆ ಕೇಳುತ್ತಿದೆ. ಫೋನಿನ ದನಿ ಟವರಿಗೆ ಸರಿಯಾದ ಹೊತ್ತಿಗೆ, ಸಾಕಷ್ಟು ಜೋರಾಗಿ ತಲುಪುತ್ತಿಲ್ಲ. ‘ಜೋರು’ ಅನ್ನುವುದು ಎಲ್ಲರಿಗೂ ಹೊಳೆಯುತ್ತದೆ. ‘ಹೊತ್ತು’ ಅನ್ನುವುದೇ ಸ್ವಾರಸ್ಯದ್ದು. ಹಳೆಯ 2ಜಿಯಲ್ಲಿ, ಅಂದರೆ ಜಿಎಸ್‌ಎಂನಲ್ಲಿ, ಒಂದೇ ಫ್ರೀಕ್ವೆನ್ಸಿಯನ್ನು 8 ಫೋನುಗಳು ಸರದಿಯ ಮೇಲೆ ಬಳಸುತ್ತವೆ. ಸಮುದ್ರದಲ್ಲಿ ದೂರ ಇರುವ ಫೋನಿನ ಸಿಗ್ನಲ್ ಬಂದು ಮುಟ್ಟಲು ಜಾಸ್ತಿ ಹೊತ್ತು ಬೇಕು, ಆದ್ದರಿಂದ ಅದು ತನ್ನ ಸರದಿಗಿಂತ ಒಂಚೂರು ಮುಂಚೆಯೇ ಕಳಿಸಬೇಕು. ಎಷ್ಟು ಮುಂಚೆ ಎಂದು ಟವರ್ ಒಂದು ಸಂಖ್ಯೆ ಹೇಳುತ್ತದೆ. ಆ ಸಂಖ್ಯೆಗೆ ಸ್ಟಾಂಡರ್ಡ್‌ನಲ್ಲಿ, ಅಂದರೆ ಎಲ್ಲ ಫೋನು, ಟವರುಗಳೂ ಪಾಲಿಸಬೇಕಾದ ನಿಯಮದ ಪುಸ್ತಕದಲ್ಲಿ, ಇಟ್ಟಿರುವ ಜಾಗ 6 ಬಿಟ್. 6 ಬಿಟ್‌ನಲ್ಲಿ 0 ಯಿಂದ 63 ರವರೆಗೆ ಮಾತ್ರ ಬರೆಯಬಹುದು. ಒಂದೊಂದು ಹೆಜ್ಜೆಗೆ ಸುಮಾರು 550 ಮೀಟರ್. 63 ಹೆಜ್ಜೆ ಅಂದರೆ ಸುಮಾರು 35 ಕಿಲೋಮೀಟರ್. ಮಾಮೂಲಿ ಜಿಎಸ್‌ಎಂ ಸೆಲ್‌ನ ಬೇಲಿ ಅಲ್ಲಿಗೆ ಮುಗಿಯಿತು, ಬೋಟು ಅದರಾಚೆ ಹೋದರೆ ಕಡ್ಡಿ ಕಂಡರೂ ಮಾತಿಲ್ಲ. 4ಜಿಯಲ್ಲಿ ಬೇರೆ ಲೆಕ್ಕ. ಫೋನು ಟವರಿಗೆ ಮೊದಲ ಸಲ ಕೂಗು ಹಾಕುವುದಕ್ಕೆ ಹಲವು ಬಗೆಯ ಫಾರ್ಮ್ಯಾಟ್‌ಗಳಿವೆ. ಒಂದನ್ನು ಇಟ್ಟರೆ ಸೆಲ್ ಸುಮಾರು 14 ಕಿಲೋಮೀಟರಿಗೆ ನಿಲ್ಲುತ್ತದೆ, ಇನ್ನೊಂದನ್ನು ಇಟ್ಟರೆ 100 ಕಿಲೋಮೀಟರ್‌ವರೆಗೂ ಹೋಗಬಹುದು. ಕರಾವಳಿಯ ಟವರಿನಲ್ಲಿ ಯಾವುದನ್ನು ಇಟ್ಟಿದ್ದಾರೆ ಎಂಬುದು ಆ ತಾಂಡೇಲನ ಪಾಲಿಗೆ ಸಣ್ಣ ವಿಷಯ ಅಲ್ಲ.

ಒಂದೇ ತೊಂದರೆಯನ್ನು ಇಲ್ಲಿ ಮೂವರು ಮೂರು ಕಡೆಯಿಂದ ನೋಡುತ್ತಾರೆ. ತಾಂಡೇಲನಿಗೆ ಎಲ್ಲಿ ಕಾಲ್ ನಿಲ್ಲುತ್ತದೆ ಎಂದು ಗೊತ್ತು. ಫೀಲ್ಡ್ ಎಂಜಿನಿಯರ್ ಆ ಬೋಟಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಹೋಗಿ ಅಳೆದು ತರುತ್ತಾನೆ. ಸ್ಟಾಂಡರ್ಡ್ಸ್ ಬಲ್ಲವನಿಗೆ ಆ 63 ಯಾವ ಪುಸ್ತಕದ ಯಾವ ಸಾಲಿನಲ್ಲಿದೆ, ಅಲ್ಲಿ 63 ಯಾಕೆ ಇದೆ, ಅದನ್ನು ದಾಟಲು ಬೇರೆ ದಾರಿ ಇದೆಯೇ ಎಂದು ಗೊತ್ತಿರುತ್ತದೆ. ಒಬ್ಬರಲ್ಲೇ ಈ ಮೂರೂ ಸ್ವಲ್ಪ ಸ್ವಲ್ಪ ಕೂಡಿ ಬಂದಿದ್ದರೆ ಅಂಥವರ ಮಾತನ್ನು ನಾನು ಕೂತು ಕೇಳುತ್ತೇನೆ.

ಈ ಪುಸ್ತಕಗಳನ್ನು ಬರೆಯುವುದು ಯಾರು? ಮೊಬೈಲ್ ವಿಷಯದಲ್ಲಿ ಮುಖ್ಯವಾಗಿ 3ಜಿಪಿಪಿ ಎಂಬ ಕೂಟ. 1998 ರಲ್ಲಿ ಶುರುವಾದದ್ದು. ಯುರೋಪು, ಅಮೆರಿಕ, ಜಪಾನ್, ಕೊರಿಯಾ, ಚೀನಾ, ಭಾರತದ 7 ಸಂಸ್ಥೆಗಳು ಸೇರಿ ನಡೆಸುತ್ತವೆ. ಭಾರತದ ಕಡೆಯಿಂದ ಇರುವುದು ಟಿಎಸ್‌ಡಿಎಸ್‌ಐ ಎಂಬ ಟೆಲಿಕಾಂ ಸ್ಟಾಂಡರ್ಡ್ ಸಂಸ್ಥೆ. ಕುಮಟಾ ಪೇಟೆಯಲ್ಲಿ ಕೊಂಡ ಫೋನು ದುಬೈನಲ್ಲಿ ಇಳಿದ ಕೂಡಲೇ ಕೆಲಸ ಮಾಡುತ್ತದೆ ಅಲ್ವಾ, ಅದು ಈ ಕೂಟದ ಕೆಲಸ. ವೈಫೈಯದು ಬೇರೆ ಮನೆ, ಐಇಇಇ ಎಂಬ ಎಂಜಿನಿಯರ್‌ಗಳ ಸಂಸ್ಥೆಯ 802.11 ಎಂಬ ಗುಂಪು, ಅದರ ಮೊದಲ ಸ್ಟಾಂಡರ್ಡ್ ಬಂದದ್ದು 1997 ರಲ್ಲಿ. ಯಾವ ಫ್ರೀಕ್ವೆನ್ಸಿ ಯಾವ ಕೆಲಸಕ್ಕೆ ಎಂದು ದೇಶದೇಶಗಳ ನಡುವೆ ತೀರ್ಮಾನ ಆಗುವುದು ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಟೆಲಿಕಾಂ ಸಂಸ್ಥೆ ಐಟಿಯುವಿನಲ್ಲಿ. 3ಜಿಪಿಪಿ ಒಳಗೇ ಮತ್ತೆ ಗುಂಪುಗಳಿವೆ. ಗಾಳಿಯಲ್ಲಿ ಹೋಗುವ ಸಿಗ್ನಲ್‌ನ ಆಕಾರ ನೋಡುವವರು ರ್‍ಯಾನ್ 1. ಫೋನು ಮತ್ತು ಟವರ್ ಪರಸ್ಪರ ಹೇಗೆ ಮಾತಾಡಿಕೊಳ್ಳಬೇಕು ಎಂದು ಬರೆಯುವವರು ರ್‍ಯಾನ್ 2. ಸೆಕ್ಯುರಿಟಿ ನೋಡುವವರು ಎಸ್‌ಎ 3. ಒಂದು ಗುಂಪಿನಲ್ಲಿ ಹತ್ತು ವರ್ಷ ಕೂತವರು ಪಕ್ಕದ ಗುಂಪಿನ ವಿಷಯ ಬಂದರೆ ‘ನನಗೆ ಗೊತ್ತಿಲ್ಲ, ಇಂಥವರನ್ನು ಕೇಳಿ’ ಅನ್ನುತ್ತಾರೆ. ಎಲ್ಲವೂ ಗೊತ್ತು ಅನ್ನುವವರ ಹತ್ತಿರ ಸ್ವಲ್ಪ ಹುಷಾರಾಗಿರಿ.

ಇಲ್ಲಿಗೆ ಬಂದು ಸೇರುವ ದಾರಿಗಳು ಬೇರೆ ಬೇರೆ. ನಾನು ಬಂದದ್ದು ಗುಡ್ಡದ ದಾರಿಯಲ್ಲಿ, ಅದನ್ನೇ ಮೊದಲು ಹೇಳುತ್ತೇನೆ. ನಾನು ಅಂಕೋಲಾದ ಕಡೆಯವನು, ಹುಬ್ಬಳ್ಳಿಯಲ್ಲಿ ಇ ಅಂಡ್ ಸಿ ಮುಗಿಸಿದೆ. ಮೊದಲ ಕೆಲಸ ಘಟ್ಟದ ತಲೆಯ ಟವರುಗಳಲ್ಲಿ ಮೈಕ್ರೋವೇವ್ ಡಿಶ್ ಕೂರಿಸಿ, ಎದುರು ಗುಡ್ಡದ ಡಿಶ್‌ಗೆ ಮುಖಾಮುಖಿ ಮಾಡುವುದು. ಒಂದು ಡಿಗ್ರಿ ಆಚೀಚೆ ಆದರೆ ಲಿಂಕ್ ಬೀಳುತ್ತಿತ್ತು. ಮಳೆಗಾಲದಲ್ಲಿ ಉಂಬಳ ಕಾಲಿಗೆ, ಸ್ಪ್ಯಾನರ್ ಕೈಗೆ. ಆಮೇಲೆ ಡ್ರೈವ್ ಟೆಸ್ಟ್, ಅಂದರೆ ಜೀಪಿನಲ್ಲಿ ಫೋನು ಮತ್ತು ಜಿಪಿಎಸ್ ಇಟ್ಟುಕೊಂಡು ಊರೂರು ಸುತ್ತಿ ಸಿಗ್ನಲ್ ಅಳೆಯುವುದು. ಅಲ್ಲಿಂದ ಬೆಂಗಳೂರಿಗೆ, ಪ್ರೋಟೋಕಾಲ್ ಟೆಸ್ಟಿಂಗ್‌ಗೆ. ಫೋನು ಟವರಿಗೆ ಕಳಿಸಿದ ಮೆಸೇಜ್ ಒಂದೊಂದನ್ನೂ ಬಿಚ್ಚಿ ಸ್ಟಾಂಡರ್ಡ್ ಪುಸ್ತಕದ ಪಕ್ಕದಲ್ಲಿಟ್ಟು ತಾಳೆ ನೋಡುವ ಕೆಲಸ. ಪುಸ್ತಕದಲ್ಲೇ ತಪ್ಪು ಕಂಡಾಗ ಅದನ್ನು ಸರಿಮಾಡಿಸಲು ಯಾರಾದರೂ ಮೀಟಿಂಗಿಗೆ ಹೋಗಬೇಕು, ಹಾಗೆ ನನ್ನನ್ನು ಕಳಿಸಿದರು. ರ್‍ಯಾನ್ 2 ರಲ್ಲಿ ಎಂಟು ವರ್ಷ ಕೂತೆ.

ಇನ್ನೊಂದು ದಾರಿ ಸರ್ಕಾರದ್ದು. ಎಂಜಿನಿಯರಿಂಗ್ ಸರ್ವಿಸಸ್ ಪರೀಕ್ಷೆ ಬರೆದು ಇಂಡಿಯನ್ ಟೆಲಿಕಾಂ ಸರ್ವಿಸ್‌ಗೆ ಸೇರಿದವರು, ಬಿಎಸ್‌ಎನ್‌ಎಲ್‌ನಲ್ಲಿ ಜೆಟಿಒ (ಜೂನಿಯರ್ ಟೆಲಿಕಾಂ ಆಫೀಸರ್) ಆಗಿ ಶುರುಮಾಡಿ ಎಕ್ಸ್‌ಚೇಂಜು, ಕೇಬಲ್ಲು, ಟವರು ಎಲ್ಲ ಕಂಡವರು, ಫ್ರೀಕ್ವೆನ್ಸಿ ಹಂಚುವ ಡಬ್ಲ್ಯುಪಿಸಿ ವಿಭಾಗದಲ್ಲಿ ದುಡಿದವರು. ನಿವೃತ್ತಿಯ ಮೇಲೆ ಇವರು ಲೈಸೆನ್ಸು, ಸ್ಪೆಕ್ಟ್ರಮ್ಮು, ಟವರಿನ ಜಾಗಕ್ಕೆ ಬೇಕಾದ ಸಾಕ್‌ಫಾ ಅನುಮತಿ ಇಂಥ ವಿಷಯಕ್ಕೆ ಸಲಹೆ ಕೊಡುತ್ತಾರೆ. ಇವರಲ್ಲಿ ಎಷ್ಟೋ ಜನ ಸ್ಟಾಂಡರ್ಡ್ ಪುಸ್ತಕ ತೆರೆದವರಲ್ಲ, ಅದು ಅವರ ಕೆಲಸವೂ ಅಲ್ಲ. ಆದರೆ ಯಾವ ಕಾಗದ ಯಾವ ಟೇಬಲ್ಲಿಗೆ ಹೋಗಬೇಕು ಎಂಬ ವಿಷಯದಲ್ಲಿ ಇವರಿಗೆ ಸಾಟಿ ಇಲ್ಲ.

ಸೈನ್ಯದಿಂದ ಬಂದವರೂ ಇದ್ದಾರೆ, ನಮ್ಮ ಕಡೆಯವರಿಗೆ ಇದು ಹತ್ತಿರದ ವಿಷಯ. ಅರಗದ ಹತ್ತಿರ ಕದಂಬ ನೌಕಾನೆಲೆಯ ಹಡಗುಗಳನ್ನು ನಾವು ದಿನಾ ನೋಡುತ್ತೇವೆ. ಆರೋಗ್ಯಸ್ವಾಮಿ ಪಾಲ್‌ರಾಜ್ ಭಾರತೀಯ ನೌಕಾಪಡೆಯಲ್ಲಿ ಅಧಿಕಾರಿಯಾಗಿದ್ದವರು. ಹದಿನೈದನೇ ವಯಸ್ಸಿನ ಹೊತ್ತಿಗೇ ಸೇನೆಯ ತರಬೇತಿಗೆ ಸೇರಿದವರು, ನೌಕಾಪಡೆಯಲ್ಲಿದ್ದುಕೊಂಡೇ ಐಐಟಿ ದಿಲ್ಲಿಯಲ್ಲಿ ಪಿಎಚ್‌ಡಿ ಮಾಡಿದರು. ಅಪ್ಸೋ ಎಂಬ ಸೋನಾರ್ ಕಟ್ಟಿದ ತಂಡದ ಮುಂದಾಳು. ಸೋನಾರ್ ಅಂದರೆ ನೀರಿನೊಳಗೆ ತುಂಬಾ ಕಿವಿಗಳನ್ನು ಇಳಿಬಿಟ್ಟು, ಬಂದ ಸದ್ದುಗಳನ್ನು ಲೆಕ್ಕ ಹಾಕಿ, ಯಾವ ದಿಕ್ಕಿನಲ್ಲಿ ಏನಿದೆ ಎಂದು ಬಿಡಿಸಿ ನೋಡುವುದು. 1991 ರಲ್ಲಿ ನೌಕಾಪಡೆ ಬಿಟ್ಟು ಅವರು ಸ್ಟಾನ್‌ಫರ್ಡ್‌ಗೆ ಹೋದರು. ನೀರಿನ ಕಿವಿಯ ಲೆಕ್ಕ ಗೊತ್ತಿದ್ದ ಮನುಷ್ಯನಿಗೆ ಗಾಳಿಯಲ್ಲಿ ಹಲವು ಆಂಟೆನಾ ಇಟ್ಟರೆ ಒಂದೇ ಫ್ರೀಕ್ವೆನ್ಸಿಯಲ್ಲಿ ಹಲವು ಧಾರೆ ಕಳಿಸಬಹುದು ಎಂದು ಹೊಳೆಯಿತು. ಥಾಮಸ್ ಕೈಲಾತ್ ಜೊತೆ ಅವರಿಗೆ ಅದರ ಪೇಟೆಂಟ್ ಸಿಕ್ಕಿದ್ದು 1994 ರಲ್ಲಿ. ಅದೇ ಈಗ ಎಲ್ಲರೂ ಮೈಮೋ ಅನ್ನುವುದು. ವೈಫೈ, 4ಜಿ, 5ಜಿ ಎಲ್ಲದರ ಒಳಗೂ ಇದೆ. 2014 ರಲ್ಲಿ ಅವರಿಗೆ ಮಾರ್ಕೋನಿ ಪ್ರಶಸ್ತಿ ಬಂತು. ಮೊಬೈಲ್ ಕಂಪನಿಯ ಮೆಟ್ಟಿಲು ಹತ್ತಿ ಅವರು ಈ ವಿಷಯಕ್ಕೆ ಬಂದದ್ದಲ್ಲ, ಹಡಗಿನ ಸೋನಾರ್‌ನಿಂದ ಬಂದದ್ದು. ‘ಟೆಲಿಕಾಂನಲ್ಲಿ ಎಷ್ಟು ವರ್ಷ?’ ಎಂಬ ಪ್ರಶ್ನೆಯೊಂದೇ ಸಾಲದು ಅಂತ ನಾನು ಹೇಳುವುದು ಇದಕ್ಕೇ.

ಬರೀ ಗಣಿತದಿಂದ ಬಂದವರ ಕಥೆಯೂ ಇದೆ. ಟರ್ಕಿಯ ಅಂಕಾರಾದ ಪ್ರೊಫೆಸರ್ ಎರ್ದಾಲ್ ಅರಿಕಾನ್ ದಾರಿಯಲ್ಲಿ ಕೆಟ್ಟ ಸಿಗ್ನಲ್‌ನ ತಪ್ಪುಗಳನ್ನು ತಿದ್ದಿಕೊಳ್ಳುವ ಪೋಲಾರ್ ಕೋಡ್ ಎಂಬ ಲೆಕ್ಕವನ್ನು ಕಂಡುಹಿಡಿದರು, ಅದರ ಪ್ರಬಂಧ 2009 ರಲ್ಲಿ ಪ್ರಕಟವಾಯಿತು. 2016 ರ ನವೆಂಬರ್‌ನಲ್ಲಿ ಅಮೆರಿಕದ ರೀನೋ ಎಂಬ ಊರಿನ ರ್‍ಯಾನ್ 1 ಮೀಟಿಂಗಿನಲ್ಲಿ 5ಜಿಯ ಕಂಟ್ರೋಲ್ ಚಾನೆಲ್‌ಗೆ ಪೋಲಾರ್, ಡೇಟಾಕ್ಕೆ ಎಲ್‌ಡಿಪಿಸಿ ಎಂದು ತೀರ್ಮಾನವಾಯಿತು. ಎಲ್‌ಡಿಪಿಸಿಯೂ ಅಂಥದ್ದೇ ಕೋಡ್, ಇನ್ನೂ ಹಳೆಯದು, ರಾಬರ್ಟ್ ಗ್ಯಾಲಗರ್ ಅವರ 1960 ರ ದಶಕದ ಕೆಲಸ. ಗಣಿತ ಬರೆದವರು ಒಬ್ಬರು, ಮೀಟಿಂಗಿನಲ್ಲಿ ಅದಕ್ಕಾಗಿ ಹಗಲು ರಾತ್ರಿ ವಾದ ಮಾಡಿದವರು ಬೇರೆ ಬೇರೆ ಕಂಪನಿಗಳ ಎಂಜಿನಿಯರ್‌ಗಳು. ಈ ಎರಡೂ ‘ಸ್ಟಾಂಡರ್ಡ್ಸ್ ಅನುಭವ’ವೇ, ಆದರೆ ಎರಡೂ ಒಂದೇ ಅಲ್ಲ.

ಇನ್ನು ಪೇಟೆಂಟ್ ಕಡೆಯವರು. ಸ್ಟಾಂಡರ್ಡ್ ಒಳಗೆ ಸೇರಿದ ಉಪಾಯಕ್ಕೆ ಪೇಟೆಂಟ್ ಇದ್ದರೆ, ಆ ಸ್ಟಾಂಡರ್ಡ್ ಬಳಸುವ ಎಲ್ಲ ಫೋನ್ ಕಂಪನಿಗಳೂ ಅದಕ್ಕೆ ದುಡ್ಡು ಕೊಡಬೇಕಾಗುತ್ತದೆ. ದರ ನ್ಯಾಯವಾಗಿರಬೇಕು, ಒಬ್ಬರಿಗೊಂದು ಇನ್ನೊಬ್ಬರಿಗೊಂದು ಆಗಬಾರದು ಎಂಬ ಷರತ್ತೂ ಇದೆ. ಜಗಳ ಆದಾಗ ಕೋರ್ಟಿಗೆ ಹೋಗುತ್ತಾರೆ. 2024 ರ ಮಾರ್ಚ್‌ನಲ್ಲಿ ದಿಲ್ಲಿ ಹೈಕೋರ್ಟು ಎರಿಕ್ಸನ್ ಮತ್ತು ಫೋನ್ ಕಂಪನಿ ಲಾವಾ ನಡುವಿನ ಕೇಸಿನಲ್ಲಿ ಲಾವಾ 244 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ತೀರ್ಪು ಕೊಟ್ಟಿತು. ಇಂಥ ಕೇಸುಗಳಲ್ಲಿ ಪೇಟೆಂಟಿನ ಒಂದೊಂದು ಸಾಲನ್ನೂ ಸ್ಟಾಂಡರ್ಡ್‌ನ ಒಂದೊಂದು ಸಾಲಿನ ಎದುರು ಇಟ್ಟು ತೋರಿಸಬೇಕು. ಅದನ್ನು ಮಾಡುವವರು ತಜ್ಞ ಸಾಕ್ಷಿಗಳು. ತಜ್ಞರ ಅಭಿಪ್ರಾಯವನ್ನು ಕೋರ್ಟು ತೆಗೆದುಕೊಳ್ಳುವುದು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 39 ನೇ ಕಲಮಿನ ಕೆಳಗೆ. ಅಲ್ಲಿಯೂ ಕೇಳುವುದು ಆ ವಿಷಯದಲ್ಲಿ ವಿಶೇಷ ಪರಿಣತಿ ಇದೆಯೇ ಎಂದು. ಎದುರು ಪಾರ್ಟಿಯ ವಕೀಲರು ಪಾಟೀಸವಾಲಿಗೆ ನಿಂತರೆ ಕಾರ್ಡು, ಸೂಟು ಯಾವುದೂ ಕೆಲಸಕ್ಕೆ ಬರುವುದಿಲ್ಲ. ಆ ಹೊತ್ತಿಗೆ ನೀವು ಎಲ್ಲಿ ಕೆಲಸ ಮಾಡುತ್ತಿದ್ದಿರಿ, ಈ ಸಾಲನ್ನು ನೀವೇ ಓದಿದ್ದೀರಾ, ನಿಮಗೆ ದುಡ್ಡು ಕೊಡುತ್ತಿರುವವರು ಯಾರು ಎಂದು ಒಂದೊಂದಾಗಿ ಕೇಳುತ್ತಾರೆ. ಕೊನೆಯ ಪ್ರಶ್ನೆಯನ್ನು ನೀವೂ ಕೇಳಬಹುದು, ಅದರಲ್ಲಿ ಸಂಕೋಚ ಬೇಡ. ದುಡ್ಡು ತೆಗೆದುಕೊಳ್ಳುವುದು ತಪ್ಪಲ್ಲ, ಯಾರಿಂದ ಎಂದು ಮುಚ್ಚಿಡುವುದು ತಪ್ಪು.

ಮೀಟಿಂಗ್ ಹೇಗಿರುತ್ತದೆ ಎಂದು ಹೇಳಿದರೆ ಗುರುತು ಹುಡುಕುವುದು ಸುಲಭ ಆಗುತ್ತದೆ. ದೊಡ್ಡ ಹಾಲ್, ನೂರಾರು ಜನ, ಎಲ್ಲರ ಮುಂದೂ ಲ್ಯಾಪ್‌ಟಾಪ್. ಪ್ರತಿ ಕಂಪನಿಯೂ ಮುಂಚೆಯೇ ತನ್ನ ಕಾಗದ ಕಳಿಸಿರುತ್ತದೆ, ಅದಕ್ಕೆ ಟೀಡಾಕ್ ಅನ್ನುತ್ತಾರೆ, ಪ್ರತಿಯೊಂದಕ್ಕೂ ನಂಬರ್ ಇರುತ್ತದೆ. ಚರ್ಚೆ ಆದ ಮೇಲೆ ಅಧ್ಯಕ್ಷರು ಒಂದು ಮಾತು ಬರೆಯುತ್ತಾರೆ. ‘ಅಗ್ರೀಡ್’ ಅಂದರೆ ಒಪ್ಪಿದರು. ‘ನೋಟೆಡ್’ ಅಂದರೆ ನೋಡಿದೆವು, ಮುಂದೆ ಹೋಗೋಣ. ನನ್ನ ಮೊದಲ ಕಾಗದಕ್ಕೆ ಮೂರು ವಾರ ದುಡಿದಿದ್ದೆ, ನಾಲ್ಕು ನಿಮಿಷದಲ್ಲಿ ‘ನೋಟೆಡ್’ ಆಯಿತು. ಎರಡನೆಯದೂ ಹಾಗೇ. ಮೂರನೆಯದಕ್ಕೆ ಮೊದಲು ಕಾಫಿಯ ಹೊತ್ತಿನಲ್ಲಿ ಬೇರೆ ಕಂಪನಿಯವರ ಹತ್ತಿರ ಹೋಗಿ, ಕೂತು, ಅವರ ಆಕ್ಷೇಪ ಕೇಳಿ ತಿದ್ದಿಕೊಂಡೆ, ಆಗ ಪಾಸಾಯಿತು. ಆ ಕಾಗದ ಬದಲಿಸಿದ್ದು ಒಂದೇ ಪದವನ್ನು. ‘ಮೇ’ ಎಂದಿದ್ದ ಕಡೆ ‘ಶಲ್’. ಸ್ಟಾಂಡರ್ಡ್ ಭಾಷೆಯಲ್ಲಿ ‘ಶಲ್’ ಅಂದರೆ ಮಾಡಲೇಬೇಕು, ‘ಶುಡ್’ ಅಂದರೆ ಮಾಡಿದರೆ ಒಳ್ಳೆಯದು, ‘ಮೇ’ ಅಂದರೆ ನಿಮಗೆ ಬಿಟ್ಟದ್ದು. ಆ ಒಂದು ಪದದಿಂದ ಎಲ್ಲ ಫೋನ್ ತಯಾರಕರಿಗೂ ಕೆಲಸ ಬೀಳುತ್ತದೆ. ಹಾಗಾಗಿ ಅರ್ಧ ಗಂಟೆ ವಾದ ನಡೆದದ್ದು ಸುಮ್ನೆ ಅಲ್ಲ.

ಈಗ ಗುರುತು ಹುಡುಕುವ ವಿಷಯ. 3ಜಿಪಿಪಿಯ ಸ್ಟಾಂಡರ್ಡ್‌ಗಳು, ಮೀಟಿಂಗಿಗೆ ಬಂದ ಕಾಗದಗಳು, ಮೀಟಿಂಗಿನ ವರದಿಗಳು ಅವರ ವೆಬ್‌ಸೈಟಿನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಪ್ರತಿ ಸ್ಟಾಂಡರ್ಡ್‌ನ ಕೊನೆಯಲ್ಲಿ ಯಾವ ತಿಂಗಳು ಯಾವ ಚೇಂಜ್ ರಿಕ್ವೆಸ್ಟ್‌ನಿಂದ ಏನು ಬದಲಾಯಿತು ಎಂಬ ಪಟ್ಟಿ ಇರುತ್ತದೆ. ಎಕ್ಸ್‌ಪರ್ಟ್ ಅನ್ನುವವರನ್ನು ಹೀಗೆ ಕೇಳಿ: ಯಾವ ಗುಂಪು, ಯಾವ ವರ್ಷ, ಯಾವ ಕಂಪನಿಯ ಪರವಾಗಿ, ನಿಮ್ಮ ಒಂದು ಟೀಡಾಕ್ ನಂಬರ್ ಹೇಳಿ. ನಿಜವಾಗಿ ಹೋದವರು ಖುಷಿಯಿಂದ ಹೇಳುತ್ತಾರೆ, ಹೇಳಲು ಶುರುಮಾಡಿದರೆ ನಿಲ್ಲಿಸುವುದೇ ಇಲ್ಲ. ಇನ್ನೊಂದು ಸುಲಭದ ಪರೀಕ್ಷೆ. ಯಾರಾದರೂ ‘ನಾನು 3ಜಿಪಿಪಿ ಮೆಂಬರ್’ ಎಂದು ಬರೆದುಕೊಂಡಿದ್ದರೆ ಅಲ್ಲೇ ನಿಲ್ಲಿ. ಅಲ್ಲಿ ಮೆಂಬರ್ ಆಗುವುದು ಕಂಪನಿ, ಸಂಸ್ಥೆಗಳು. ವ್ಯಕ್ತಿ ಹೋಗುವುದು ಡೆಲಿಗೇಟ್ ಆಗಿ. ಐಇಇಇ 802.11 ರಲ್ಲಿ ಮಾತ್ರ ಓಟು ವ್ಯಕ್ತಿಗೆ, ಅದೂ ಮೀಟಿಂಗುಗಳಿಗೆ ಬಿಡದೆ ಬಂದು ಗಳಿಸಿಕೊಳ್ಳಬೇಕು, ಅಲ್ಲಿನ ಕಾಗದಗಳ ಮೇಲೆ ಬರೆದವರ ಹೆಸರೇ ಇರುತ್ತದೆ. ನಾನು ಹಿಂದೆ ಇದ್ದ ಒಂದು ಕಂಪನಿ ಇದನ್ನು ನೋಡದೆ ಒಬ್ಬರನ್ನು ದೊಡ್ಡ ಸಂಬಳಕ್ಕೆ ಕರೆತಂದಿತ್ತು. ಅವರು ಮೆಂಬರ್ ಎಂದೇ ಬರೆದುಕೊಂಡಿದ್ದರು. ಆರು ತಿಂಗಳು ಅವರು ಹೇಳಿದ್ದನ್ನೆಲ್ಲ ಮಾಡಿದೆವು. ಆಮೇಲೆ ಅಷ್ಟನ್ನೂ ಬಿಚ್ಚಿ ಮೊದಲಿನಿಂದ ಮಾಡಬೇಕಾಯಿತು. ಎರಡು ಹುಡುಗರು ಆ ಬೇಸರಕ್ಕೆ ಕೆಲಸವನ್ನೇ ಬಿಟ್ಟರು, ನನಗೆ ಇವತ್ತಿಗೂ ಅದು ನೋವೇ.

ಪೇಟೆಂಟ್ ಇದೆ ಅನ್ನುವವರ ಹೆಸರನ್ನು ಭಾರತದ ಪೇಟೆಂಟ್ ಕಚೇರಿಯ ವೆಬ್‌ಸೈಟಿನಲ್ಲಿ ಹುಡುಕಬಹುದು. ನೀತಿಯ ವಿಷಯದಲ್ಲಿ ಸಲಹೆ ಕೊಟ್ಟಿದ್ದೇನೆ ಅನ್ನುವವರ ಅಭಿಪ್ರಾಯವನ್ನು ಟ್ರಾಯ್ ವೆಬ್‌ಸೈಟಿನಲ್ಲಿ ಓದಬಹುದು, ಸಮಾಲೋಚನಾ ಪತ್ರಗಳಿಗೆ ಬಂದ ಉತ್ತರಗಳನ್ನು ಅವರು ಹಾಕುತ್ತಾರೆ. ಫೀಲ್ಡ್ ಎಂಜಿನಿಯರ್‌ಗಳ ಗುರುತು ಮಾತ್ರ ಹೀಗೆ ಸಿಗುವುದಿಲ್ಲ. ಅವರನ್ನು ತೋಟಕ್ಕೆ ಕರೆದುಕೊಂಡು ಹೋಗಬೇಕು. ಬಲ್ಲವರಾದರೆ ಮೊದಲು ಸುತ್ತ ಗುಡ್ಡ ನೋಡುತ್ತಾರೆ, ಟವರ್ ಯಾವ ದಿಕ್ಕಿಗೆ ಎಂದು ಕೇಳುತ್ತಾರೆ, ಆಮೇಲೆ ಫೋನು ತೆಗೆಯುತ್ತಾರೆ. ಬಂದ ಕೂಡಲೇ ಬೂಸ್ಟರ್ ಹಾಕಿಸಿ ಅನ್ನುವವರನ್ನು ಚಹಾ ಕೊಟ್ಟು ಕಳಿಸಿಬಿಡಿ. ಲೈಸೆನ್ಸ್ ಇಲ್ಲದೆ ಸಿಗ್ನಲ್ ಬೂಸ್ಟರ್ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ, ಪಕ್ಕದ ಊರಿನ ಸಿಗ್ನಲ್ಲನ್ನೂ ಅದು ಕೆಡಿಸುತ್ತದೆ.

ಈ ಎಕ್ಸ್‌ಪರ್ಟ್‌ಗಳ ಹಿನ್ನೆಲೆಗೂ ನಿಮ್ಮ ಊರಿನ ಸಿಗ್ನಲ್ಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಇದೆ. 5ಜಿ ತಂತ್ರಜ್ಞಾನವನ್ನು ಅಳೆಯುವಾಗ ಹಳ್ಳಿಯಲ್ಲಿ ಟವರುಗಳ ನಡುವೆ ಸುಮಾರು 1.7 ಕಿಲೋಮೀಟರ್ ಅಂತರ ಎಂದು ಹಿಡಿಯುವ ಲೆಕ್ಕ ಇತ್ತು. ನಮ್ಮ ಘಟ್ಟದಲ್ಲಿ 1.7 ಕಿಲೋಮೀಟರಿಗೊಂದು ಟವರ್ ಎಲ್ಲಿದೆ? ಭಾರತದಿಂದ ಹೋದವರು ಪಟ್ಟು ಹಿಡಿದು 6 ಕಿಲೋಮೀಟರ್ ಅಂತರದ, ನಿಧಾನವಾಗಿ ಓಡಾಡುವ ಜನರಿರುವ ದೊಡ್ಡ ಸೆಲ್ಲಿನ ಲೆಕ್ಕವನ್ನೂ ಐಟಿಯುವಿನಲ್ಲಿ ಸೇರಿಸಿದರು. ಐಐಟಿ ಹೈದರಾಬಾದ್, ಐಐಟಿ ಮದ್ರಾಸ್, ಅಲ್ಲಿನ ಸಿವಿಟ್ ಸಂಸ್ಥೆಯವರು ಅದಕ್ಕೆ ಬೇಕಾದ ತಂತ್ರ ಕೊಟ್ಟರು. 5ಜಿಐ ಎಂಬ ಹೆಸರಿನಲ್ಲಿ ಟಿಎಸ್‌ಡಿಎಸ್‌ಐ ಅದನ್ನು ಮುಂದಿಟ್ಟಿತು, 2021 ರಲ್ಲಿ ಐಟಿಯು ಒಪ್ಪಿತು, ಆಮೇಲೆ ಅದು 3ಜಿಪಿಪಿಯ ರಿಲೀಸ್ 17 ರ, ಅಂದರೆ ಸ್ಟಾಂಡರ್ಡ್‌ಗಳ 17 ನೇ ಕಂತಿನ, ಜೊತೆ ಸೇರಿಕೊಂಡಿತು. ಹಳ್ಳಿ ಎಷ್ಟು ದೂರದೂರಕ್ಕೆ ಇರುತ್ತದೆ ಎಂದು ಗೊತ್ತಿರುವವರು ಆ ಕೋಣೆಯಲ್ಲಿ ಇದ್ದುದರಿಂದ ಇದು ಆಯಿತು. ಚಪ್ಪಟೆ ನೆಲದ ನಗರ ಮಾತ್ರ ಕಂಡವರಿಗೆ, ಮನೆಗಳೆಲ್ಲ ಕಣಿವೆಯಲ್ಲಿ, ಮೇಲೆ ಸೊಪ್ಪಿನ ಬೆಟ್ಟ, ಅದರ ಮೇಲೆ ಆರು ತಿಂಗಳು ತೊಯ್ದ ಎಲೆ ಅನ್ನುವುದು ಹೇಗೆ ಹೊಳೆಯಬೇಕು? ಒದ್ದೆ ಎಲೆ ಸಿಗ್ನಲ್ ನುಂಗುತ್ತದೆ, ಫ್ರೀಕ್ವೆನ್ಸಿ ಮೇಲೆ ಹೋದಷ್ಟೂ ಜಾಸ್ತಿ ನುಂಗುತ್ತದೆ.

ಹಾಗೆಯೇ ನಮ್ಮ ಕರಾವಳಿಯಲ್ಲಿ ಮಳೆಗೆ ಮುಂಚಿನ ಸೆಕೆಗಾಲದಲ್ಲಿ ಸಮುದ್ರದ ಮೇಲೆ ಗಾಳಿಯ ಪದರಗಳು ಕೊಳವೆಯಂತೆ ಆಗಿ, ನೂರಾರು ಕಿಲೋಮೀಟರ್ ದೂರದ ಸಿಗ್ನಲ್ ಇಲ್ಲಿಗೆ ಬಂದು ಬೀಳಬಹುದು. ಕಳಿಸುವುದಕ್ಕೂ ಕೇಳುವುದಕ್ಕೂ ಒಂದೇ ಫ್ರೀಕ್ವೆನ್ಸಿಯನ್ನು ಸರದಿಯಲ್ಲಿ ಬಳಸುವ ನೆಟ್‌ವರ್ಕ್‌ಗಳಲ್ಲಿ ಇದು ದೊಡ್ಡ ತಲೆನೋವು. ನಮ್ಮ ಟವರ್ ಕಿವಿಗೊಟ್ಟ ಹೊತ್ತಿಗೆ ದೂರದ ಟವರಿನ ಕೂಗು ಬಂದು ಬೀಳುತ್ತದೆ. 3ಜಿಪಿಪಿ ಇದಕ್ಕೆ ರಿಲೀಸ್ 16 ರಲ್ಲಿ ಉಪಾಯ ಸೇರಿಸಿತು. ಅದನ್ನು ಮೀಟಿಂಗಿಗೆ ತಂದದ್ದು ಫೀಲ್ಡಿನಲ್ಲಿ ಆ ತೊಂದರೆ ಅನುಭವಿಸಿ ಲೆಕ್ಕ ಇಟ್ಟವರು.

ಇದರಿಂದ ನಿಮ್ಮ ಮಗಳ ವಿಷಯಕ್ಕೆ ಬರುತ್ತೇನೆ. ದಾರಿ ಇದೆ, ಚೆನ್ನಾಗಿಯೇ ಇದೆ. ಪ್ರಾಬಬಿಲಿಟಿ, ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್, ಡಿಜಿಟಲ್ ಕಮ್ಯುನಿಕೇಶನ್ ಈ ಮೂರನ್ನು ಪರೀಕ್ಷೆಗೆ ಎಂದಲ್ಲ, ನಿಜವಾಗಿ ಓದಲಿ. ಎನ್‌ಪಿಟಿಇಎಲ್‌ನಲ್ಲಿ ಐಐಟಿಯವರ ಪಾಠಗಳು ಬಿಟ್ಟಿ ಸಿಗುತ್ತವೆ. ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲು ಬರಬೇಕು. ಓಪನ್‌ಏರ್‌ಇಂಟರ್‌ಫೇಸ್, ಎಸ್‌ಆರ್‌ಎಸ್‌ರ್‍ಯಾನ್ ಎಂಬ ಮುಕ್ತ ಸಾಫ್ಟ್‌ವೇರ್‌ಗಳಿವೆ, ಲ್ಯಾಪ್‌ಟಾಪಿನಲ್ಲೇ ಪುಟ್ಟ 4ಜಿ, 5ಜಿ ನೆಟ್‌ವರ್ಕ್ ಓಡಿಸಿ ಮೆಸೇಜುಗಳನ್ನು ನೋಡಬಹುದು. 5ಜಿಯ ಮೆಸೇಜನ್ನು ಟಿಎಸ್ 38.331 ಎಂಬ 3ಜಿಪಿಪಿ ಪುಸ್ತಕದ ಪಕ್ಕದಲ್ಲಿಟ್ಟು ಓದಲಿ. ಮೊದಲ ವಾರ ಏನೂ ತಿಳಿಯುವುದಿಲ್ಲ, ನನಗೂ ತಿಳಿದಿರಲಿಲ್ಲ. ಇಡೀ ಪುಸ್ತಕ ಓದಲು ಹೋಗಬಾರದು, ಫೋನು ಆನ್ ಆದಾಗಿನಿಂದ ಮೊದಲ ಕಾಲ್ ಹೋಗುವವರೆಗೆ ಏನಾಗುತ್ತದೆ ಎಂಬ ಒಂದೇ ದಾರ ಹಿಡಿದು ಹೋಗಲಿ. ಮೊದಲ ಕೆಲಸ ಡ್ರೈವ್ ಟೆಸ್ಟ್ ಆದರೂ ಬೇಡ ಅನ್ನಬಾರದು. ‘ಬಿಸಿಲಲ್ಲಿ ಜೀಪು ಸುತ್ತುವ ಕೆಲಸ ಹೆಣ್ಣುಮಕ್ಕಳಿಗೆ ಯಾಕೆ’ ಎಂದು ಮನೆಯಲ್ಲಿ ಯಾರಾದರೂ ಅಂದರೆ ದಯವಿಟ್ಟು ನೀವು ಅವಳ ಪರ ನಿಲ್ಲಿ. ಆ ಎರಡು ವರ್ಷ ಮುಂದೆ ಮೀಟಿಂಗ್ ಹಾಲಿನಲ್ಲಿ ಅವಳ ಬೆನ್ನಿಗೆ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಚುಟುಕಾಗಿ, ಎರಡರ್ಥ ಬರದಂತೆ ಬರೆಯುವುದನ್ನು ಮಾತ್ರ ಈಗಿನಿಂದಲೇ ರೂಢಿ ಮಾಡಿಕೊಳ್ಳಲಿ. ಆ ಹಾಲಿನಲ್ಲಿ ಗೆಲ್ಲುವುದು ದೊಡ್ಡ ದನಿ ಅಲ್ಲ, ಸರಿಯಾದ ವಾಕ್ಯ.

ಊರಿನ ಕೆಲಸಕ್ಕೆ ಕನ್ಸಲ್ಟಂಟ್ ಬೇಡ, ಅವಳೇ ಸಾಕು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್‌ನಲ್ಲಿ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಡಿಬಿಎಂ ಲೆಕ್ಕದಲ್ಲಿ ಕಾಣುತ್ತದೆ. 4ಜಿಯಲ್ಲಿ ಮೈನಸ್ 85 ಚೆನ್ನಾಗಿದೆ. ಮೈನಸ್ 105 ದಾಟಿದರೆ ಮನೆಯೊಳಗೆ ಕಷ್ಟ. ಮೈನಸ್ 120 ರ ಹತ್ತಿರ ಫೋನು ಕೈಬಿಡುತ್ತದೆ. ನಾನು ನನ್ನ ಅಕ್ಕನ ಊರಿನಲ್ಲಿ ಹೀಗೆ ಒಂದು ಮಧ್ಯಾಹ್ನ ನಡೆದು ಬರೆದುಕೊಂಡಿದ್ದೆ. ದೇವಸ್ಥಾನದ ಮೆಟ್ಟಿಲ ಮೇಲೆ ಮೈನಸ್ 97. ಅಲ್ಲಿಂದ ಇನ್ನೂರು ಹೆಜ್ಜೆ ಕೆಳಗೆ, ತೋಟದ ಪಕ್ಕದ ಅಂಗಳದಲ್ಲಿ ಮೈನಸ್ 117. ಇಪ್ಪತ್ತರ ವ್ಯತ್ಯಾಸ ಅಂದರೆ ಸಿಗ್ನಲ್ ನೂರರಲ್ಲಿ ಒಂದು ಪಾಲಿಗೆ ಇಳಿದಿದೆ. ಟವರ್ ದೂರ ಇಲ್ಲ, ಗುಡ್ಡ ಅಡ್ಡ ಇದೆ ಎಂದು ಆ ಎರಡು ಅಂಕಿಯೇ ಹೇಳಿತು.

ನಿಮ್ಮ ಹತ್ತಿರದ ಟವರುಗಳು ಎಲ್ಲಿವೆ ಎಂದು ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ವೆಬ್‌ಸೈಟಿನಲ್ಲಿ ನೋಡಿ. ಸಿಗ್ನಲ್ ಇಲ್ಲದ ಹಳ್ಳಿಗಳಿಗೆ 4ಜಿ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2022 ರ ಜುಲೈನಲ್ಲಿ ಒಪ್ಪಿತ್ತು, 24,680 ಹಳ್ಳಿಗಳಿಗೆ, ಬಿಎಸ್‌ಎನ್‌ಎಲ್ ಮೂಲಕ. ನಿಮ್ಮ ಹಳ್ಳಿ ಪಟ್ಟಿಯಲ್ಲಿದೆಯೇ ಎಂದು ಗ್ರಾಮ ಪಂಚಾಯತಿಯಿಂದ ಬರೆದು ಕೇಳಿಸಿ, ಜೊತೆಗೆ ಅಳತೆಯ ಪಟ್ಟಿ ಲಗತ್ತಿಸಿ. ‘ಸಿಗ್ನಲ್ ಇಲ್ಲ’ ಎಂಬ ಅರ್ಜಿಗಿಂತ ‘ಇಂಥ ಮನೆಯಲ್ಲಿ ಇಂಥ ದಿನ ಮೈನಸ್ 117’ ಎಂಬ ಅರ್ಜಿಯನ್ನು ಎಂಜಿನಿಯರ್ ಪಕ್ಕಕ್ಕೆ ಇಡುವುದು ಕಷ್ಟ. ಅಲ್ಲಿಯವರೆಗೆ ಫೈಬರ್ ಬಂದಿರುವ ಮನೆಗಳಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಕೊಳ್ಳಿ, ಸಿಮ್ ಅದೇ, ನಂಬರ್ ಅದೇ, ಕಾಲ್ ವೈಫೈ ಮೇಲೆ ಹೋಗುತ್ತದೆ.

ಮಗಳು ರಜೆಗೆ ಬಂದಾಗ ಮೂವತ್ತು ಮನೆಯ ಅಂಗಳದಲ್ಲೂ ನಿಂತು ಬರೆದುಕೊಳ್ಳಲಿ: ಸಮಯ, ಯಾವ ಕಂಪನಿಯ ಸಿಮ್, ಯಾವ ಬ್ಯಾಂಡ್, ಎಷ್ಟು ಡಿಬಿಎಂ, ಮಳೆ ಬಂದಿತ್ತೋ ಇಲ್ಲವೋ. ಒಂದು ಸಲ ಈಗ, ಇನ್ನೊಂದು ಸಲ ಜಡಿಮಳೆಯಲ್ಲಿ. ಪಟ್ಟಿಯನ್ನು ನನಗೆ ಕಳಿಸಲಿ, ನಾನು ನೋಡಿ ಟವರ್ ಯಾವ ಬದಿಗೆ ಬಂದರೆ ಅನುಕೂಲ ಎಂದು ಅವಳ ಜೊತೆಗೇ ಕೂತು ಲೆಕ್ಕ ಹಾಕುತ್ತೇನೆ. ಅದಕ್ಕೆ ಫೀಸು ಬೇಡ.